ಗ್ರೂಪಲ್ಲಿ "ಯಾವ ಪದ ಸರಿ" ಅಂತ ಜಗಳ ಬಿದ್ರೆ ಏನ್ ನೋಡ್ಬೇಕು

ಕಾರವಾರ, ಶಿರಸಿ ಕಡೆ ಊರಿನ ವಾಟ್ಸಾಪ್ ಗ್ರೂಪಿಗೆ ಟ್ರಾನ್ಸ್‌ಜೆಂಡರ್ ಬಗ್ಗೆ ಒಂದು ಸುದ್ದಿ ಬಂತು ಅಂದ್ರೆ ಸುದ್ದಿ ಬಿಟ್ಟು ಪದದ ಮೇಲೆ ಜಗಳ ಶುರು, ಮಂಗಳಮುಖಿ ಅನ್ಬೇಕಾ, ತೃತೀಯ ಲಿಂಗಿ ಅನ್ಬೇಕಾ, ಮೊದಲಿಂದ ಅಂತಿದ್ದಿದ್ದು ಏನ್ ತಪ್ಪು ಅಂತ. ಅದ್ರಲ್ಲಿ ಯಾರ ಮನಸ್ಸಲ್ಲಿ ಏನಿದೆ ಅಂತ ತಿಳೀಬೇಕಂದ್ರೆ ಕ್ರಿಯಾಪದ ನೋಡಿ.

ಹೆಸರಿನ ಪದ ಎಲ್ರೂ ಹುಷಾರಾಗೇ ಟೈಪ್ ಮಾಡ್ತಾರೆ. "ಬಸ್‌ಸ್ಟ್ಯಾಂಡಲ್ಲಿ ಒಂದು ಮಂಗಳಮುಖಿ ನಿಂತಿತ್ತು" ಅಂತ ಬರೆದ್ರೆ ಪದ ಏನೋ ಮರ್ಯಾದೆದೇ, ಆದ್ರೆ "ಒಂದು", "ನಿಂತಿತ್ತು" ಅನ್ನೋದು ಲಗೇಜಿಗೆ ಹೇಳೋ ಮಾತು. ಇಲ್ಲಿ ಒಂದು ಎಚ್ಚರ ಬೇಕು, ನಮ್ಮ ಹವ್ಯಕ ಮನೆಗಳಲ್ಲಿ ಸ್ವಂತ ತಂಗಿಗೂ "ಅದು ಬಂತು" ಅಂತಾರೆ, ಅದ್ರಲ್ಲಿ ಅವಮಾನ ಏನಿಲ್ಲ. ಹಂಗಾಗಿ ಅದೇ ಮನುಷ್ಯ ಟೀಚರಮ್ಮನಿಗೆ "ಬಂದ್ರು" ಅಂತ ಬರೆದು ಟ್ರಾನ್ಸ್ ಹೆಂಗಸಿಗೆ ಮಾತ್ರ "ಬಂತು" ಅಂತಾನಾ ನೋಡಿ.

"ಗಂಡಾಗಿ ಹುಟ್ಟಿದವ್ರಿಗೆ ಅವಳು ಅನ್ನೋಕೆ ಬಾಯೇ ಬರಲ್ಲ" ಅನ್ನೋರೂ ಸಿಗ್ತಾರೆ. ಬರತ್ತೆ ಮಾರಾಯ್ರೇ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದು "ದಾಕ್ಷಾಯಿಣಿ ಎಷ್ಟ್ ಚಂದ ಮಾತಾಡಿದ್ಲು" ಅಂತೀವಲ್ಲ, ವೇಷ ಹಾಕಿದ್ದು ಗಂಡಸು ಅಂತ ಗೊತ್ತಿದ್ದೂ. ಸ್ತ್ರೀವೇಷದವ್ರು ಟ್ರಾನ್ಸ್ ಅಂತ ಹೇಳ್ತಾ ಇಲ್ಲ, ಅದು ಬೇರೆ, ಆದ್ರೆ ತೊಡಕು ನಾಲಿಗೇಲಿ ಇಲ್ಲ ಅಂತಾಯ್ತಲ್ಲ.

"ಬರೀ ಪದಕ್ಕೆ ಇಷ್ಟ್ಯಾಕೆ" ಅಂದೋರಿಗೆ ಕರ್ನಾಟಕ ಪೊಲೀಸ್ ಕಾಯ್ದೆಯ 36ಎ ಹೇಳಿ. 2011ರಲ್ಲಿ ಸೇರಿಸಿದ್ದು, "ಯೂನಕ್" (ನಪುಂಸಕ) ಅನ್ನೋ ಪದ ಹಾಕಿ, ಮಕ್ಕಳ ಅಪಹರಣದ ಶಂಕೆ ಇದೆ ಅಂತ ಅವ್ರ ಹೆಸ್ರು ವಿಳಾಸ ಪಟ್ಟಿ ಮಾಡಿಡೋ ಅಧಿಕಾರ ಪೊಲೀಸರಿಗೆ ಕೊಟ್ಟಿತ್ತು. ಆ ಪದ ತೆಗೆದಿದ್ದು 2016ರಲ್ಲಿ. ಅಂದ್ರೆ ಒಂದು ಪದ ಇಡೀ ಸಮುದಾಯವನ್ನೇ ಅನುಮಾನದ ಪಟ್ಟಿಗೆ ತಳ್ಳಿತ್ತು.

ಹಾಗಾದ್ರೆ ಏನನ್ಬೇಕು? ಅವ್ರು ತಮಗೆ ಏನಂತಾರೋ ಅದು. ಲಿಂಗ ಯಾವ್ದು ಅಂತ ತಾವೇ ಗುರುತಿಸಿಕೊಳ್ಳೋ ಹಕ್ಕನ್ನ ಸುಪ್ರೀಂ ಕೋರ್ಟ್ 2014ರಲ್ಲೇ ಒಪ್ಪಿದೆ. ಪದ್ಮಶ್ರೀ ಬಂದ ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವ್ರು "ಜೋಗತಿ"ನ ಹೆಸರಲ್ಲೇ ಇಟ್ಕೊಂಡಿದಾರೆ, ಆದ್ರೆ ಅದು ಎಲ್ಲಮ್ಮನ ಪರಂಪರೆಯ ಮಾತು, ಸಿಕ್ಕಸಿಕ್ಕವ್ರಿಗೆಲ್ಲ ಅಂಟಿಸೋ ಹಂಗಿಲ್ಲ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳೋರೂ ಇದಾರೆ, ಅವ್ರಿಗೆ ಮಂಗಳಮುಖಿ ಅಂದ್ರೆ ಹೆಂಗೆ? ಗೊತ್ತಿಲ್ದಿದ್ರೆ ಹೆಸರು ಹಿಡಿದು "ಅವರು" ಅನ್ನಿ.

ಗ್ರೂಪಲ್ಲಿ ಭಾಷಣ ಹೊಡೀಬೇಡಿ, "ನಿಂತಿತ್ತು" ಅಂದವ್ರ ಕೆಳಗೆ "ಅವ್ರು ಅಲ್ಲಿ ಯಾಕ್ ನಿಂತಿದ್ರಂತೆ?" ಅಂತ ಕೇಳಿ, ಎಷ್ಟೋ ಜನ ಮುಂದಿನ ಮೆಸೇಜಲ್ಲಿ ತಾವೇ ತಿದ್ಕೊಳ್ತಾರೆ. ತಿದ್ಕೊಳ್ಳದೇ ಬೈಯೋಕೆ ಇಳಿದ್ರೆ ಅಡ್ಮಿನ್‌ಗೆ ಹೇಳಿ. ಗ್ರೂಪಲ್ಲಿ ಟ್ರಾನ್ಸ್ ವ್ಯಕ್ತಿ ಯಾರಾದ್ರೂ ಇದ್ರೆ ಮಾತ್ರ "ನೀವೇ ಹೇಳಿ" ಅಂತ ಎಲ್ರ ಮುಂದೆ ಅವ್ರನ್ನ ಎಳೀಬೇಡಿ, ಬೇಕಾದ್ರೆ ಬೇರೆಯಾಗಿ ಮೆಸೇಜ್ ಮಾಡಿ ಕೇಳಿ.