ಅಪ್ಪ-ಅಮ್ಮನನ್ನು ರಿಗ್ಲಿ ಫೀಲ್ಡ್‌ಗೆ ಕರೆದೊಯ್ಯುತ್ತೀರಾ? ಮೊದಲು ಕಂಬ ನೋಡಿಕೊಳ್ಳಿ

ಜೂನ್ ಬಂತೆಂದರೆ ಶಿಕಾಗೋ ಹತ್ತಿರದ ನೇಪರ್‌ವಿಲ್‌ನ ನಮ್ಮ ಬೀದಿಯಲ್ಲಿ ಸಂಜೆ ವಾಕಿಂಗಿಗೆ ಮಫ್ಲರ್ ಸುತ್ತಿಕೊಂಡವರು ಕಾಣಿಸತೊಡಗುತ್ತಾರೆ. ಎಲ್ಲ ಊರಿಂದ ಬಂದ ಅಪ್ಪ-ಅಮ್ಮಂದಿರು. ದೇವಸ್ಥಾನ ಆಯಿತು, ನಯಾಗರಾ ಆಯಿತು, ಕಾಸ್ಟ್ಕೋ ಅಂಗಡಿಯಂತೂ ವಾರಕ್ಕೆರಡು ಸಲ ಆಯಿತು, ಇನ್ನೇನು ತೋರಿಸುವುದು ಎಂದು ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಕ್ರಿಕೆಟ್ ಹುಚ್ಚಿರುವ ಅಪ್ಪ ನಿಮ್ಮ ಮನೆಯಲ್ಲಿದ್ದರೆ ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಕಬ್ಸ್ ತಂಡದ ಒಂದು ಬೇಸ್‌ಬಾಲ್ ಪಂದ್ಯ ತೋರಿಸಿ. ನಾನು 2024ರ ಬೇಸಿಗೆಯಲ್ಲಿ ತಿಪಟೂರಿನಿಂದ ಬಂದಿದ್ದ ನಮ್ಮಪ್ಪನನ್ನು ಎರಡು ಸಲ ಕರೆದುಕೊಂಡು ಹೋದೆ. ಮೊದಲ ಸಲ ಎಡವಟ್ಟಾಯಿತು, ಎರಡನೇ ಸಲ ಸರಿಹೋಯಿತು. ನೀವು ನೇರವಾಗಿ ಎರಡನೆಯದಕ್ಕೇ ಹೋಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಟಿಕೆಟ್ ಮರುಮಾರಾಟದ ಒಂದು ಆ್ಯಪ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಂದುಮುಂದು ನೋಡದೆ ಕೊಂಡುಬಿಟ್ಟೆ. ಹೋಗಿ ಕೂತರೆ ಅಪ್ಪನ ಎದುರಿಗೇ ಒಂದು ಉಕ್ಕಿನ ಕಂಬ. ರಿಗ್ಲಿ 1914ರಲ್ಲಿ ಕಟ್ಟಿದ ಮೈದಾನ, ಮೇಲಿನ ಅಂತಸ್ತನ್ನು ಈಗಲೂ ಕಂಬಗಳೇ ಹೊತ್ತಿವೆ. ಅಪ್ಪ ಐದು ನಿಮಿಷ ಎಡಕ್ಕೆ ವಾಲಿದರು, ಐದು ನಿಮಿಷ ಬಲಕ್ಕೆ ವಾಲಿದರು. ಆಮೇಲೆ ಹೇಳಿದರು: "ಬೋಲರ್ ಕಾಣ್ತಾನಮ್ಮ, ಬ್ಯಾಟ್ಸ್‌ಮನ್ ಕಾಣಲ್ಲ. ಜೊತೆಗೆ ರೇಡಿಯೋ ಕಾಮೆಂಟರಿ ಇದ್ದಿದ್ರೆ ಸರಿಹೋಗ್ತಿತ್ತು." 1974ರಲ್ಲಿ ಬೆಂಗಳೂರಿನಲ್ಲಿ ವಿವಿಯನ್ ರಿಚರ್ಡ್ಸ್ ತನ್ನ ಮೊದಲ ಟೆಸ್ಟ್ ಆಡಿದಾಗ ಗ್ಯಾಲರಿಯಲ್ಲಿ ಕೂತಿದ್ದ ಮನುಷ್ಯ ಅವರು. ಅಂಥವರನ್ನು ಕರೆತಂದು ಕಂಬ ತೋರಿಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಹಾಗಾಗಿ ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಸೀಟು ಆರಿಸುವುದಕ್ಕೆ ಅರ್ಧ ಗಂಟೆ ಇಡಿ. ಸೆಕ್ಷನ್ ಸಂಖ್ಯೆ 100ರಲ್ಲಿ ಶುರುವಾದರೆ ಅದು ಮೈದಾನಕ್ಕೆ ಹತ್ತಿರ, ದುಡ್ಡೂ ಹೆಚ್ಚು, ತಲೆ ಮೇಲೆ ಬಿಸಿಲೂ ಹೆಚ್ಚು. 200ರ ಸೆಕ್ಷನ್‌ಗಳು ಅದರ ಹಿಂದಿನವು. ಕಂಬದ ಕಾಟ ಇರುವುದು ಇಲ್ಲೇ, ನೆರಳು ಸಿಗುವುದೂ ಇಲ್ಲೇ. ತೀರಾ ಹಿಂದಿನ ಸಾಲಾದರೆ ಮೇಲಿನ ಅಂತಸ್ತಿನ ಸೂರು ಅಡ್ಡ ಬಂದು, ಎತ್ತರಕ್ಕೆ ಹೊಡೆದ ಚೆಂಡು ಅರ್ಧದಲ್ಲೇ ಮಾಯವಾಗುತ್ತದೆ. 200ರಲ್ಲೇ ಕಂಬಗಳಿಗಿಂತ ಮುಂದಿರುವ ಸಾಲು ಹುಡುಕಿ. ಟಿಕೆಟ್‌ನ ವಿವರದಲ್ಲಿ 'ಲಿಮಿಟೆಡ್ ವ್ಯೂ' ಎಂದೇನಾದರೂ ಇದ್ದರೆ ಅದನ್ನು 'ಕಂಬ' ಎಂದೇ ಓದಿಕೊಳ್ಳಿ. ಮಧ್ಯಾಹ್ನದ ಪಂದ್ಯವಾದರೆ ಮೂರನೇ ಬೇಸ್ ಕಡೆ, ಅಂದರೆ ಬ್ಯಾಟರ್ ಹಿಂದೆ ಕೂತವರ ಎಡಗಡೆ, ಆರಿಸಿ. ಆ ಕಟ್ಟಡ ಪಶ್ಚಿಮಕ್ಕಿರುವುದರಿಂದ ಸೂರ್ಯ ಇಳಿದಂತೆ ನೆರಳು ಅಲ್ಲಿಂದಲೇ ಚಾಚಿಕೊಳ್ಳುತ್ತದೆ. ಔಟ್‌ಫೀಲ್ಡ್‌ನ ಬ್ಲೀಚರ್ಸ್‌ನಲ್ಲಿ ಬೆಂಚೇ ಗತಿ, ಸೂರಿಲ್ಲ, ಬಿಯರ್ ಹೊಳೆ. ನಿಮ್ಮ ಸ್ನೇಹಿತರ ಜೊತೆ ಹೋಗಿ, ಅಮ್ಮನ ಜೊತೆ ಬೇಡ.

ಇನ್ನು ದಿನ. ರಿಗ್ಲಿಗೆ ಫ್ಲಡ್‌ಲೈಟ್ ಬಂದಿದ್ದೇ 1988ರ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚೆ ಎಲ್ಲ ಹಗಲಿನ ಆಟವೇ. ಈಗಲೂ ಕಬ್ಸ್‌ನವರು ವಾರದ ನಡುವೆ ಮಧ್ಯಾಹ್ನ 1:20ಕ್ಕೆ ಪಂದ್ಯ ಇಟ್ಟುಕೊಳ್ಳುತ್ತಾರೆ. ನೀವು ಒಂದು ದಿನ ರಜೆ ಹಾಕಿ ಅಂಥದ್ದೇ ಹಿಡಿಯಿರಿ. ಟಿಕೆಟ್ ದರ ಎದುರಾಳಿಯ ಮೇಲೆ, ವಾರದ ಮೇಲೆ ಏರಿಳಿಯುತ್ತದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅಥವಾ ಊರಿನದೇ ವೈಟ್ ಸಾಕ್ಸ್ ಬಂದರೆ ಕೈಗೆಟುಕುವುದಿಲ್ಲ. ಹಾಗಂತ ಅಗ್ಗವೆಂದು ಏಪ್ರಿಲ್‌ನಲ್ಲಿ ಹೋಗಬೇಡಿ, ಕೂತಲ್ಲೇ ಮರಗಟ್ಟಿಹೋಗುತ್ತೀರಿ. ಜೂನ್‌ನಲ್ಲೂ ಕೆರೆ ಕಡೆಯಿಂದ ಗಾಳಿ ಬೀಸಿದರೆ ಸ್ವೆಟರ್ ಬೇಕು. (ಮಿಷಿಗನ್ ಸರೋವರವನ್ನು ಅಮ್ಮ ಊರಿಗೆ ಮರಳುವವರೆಗೂ 'ಕೆರೆ' ಎಂದೇ ಕರೆದರು, ನನಗೂ ಅಭ್ಯಾಸವಾಗಿದೆ.)

ಊರಿಗೆ ಮರಳುವ ಕೊನೆಯ ವಾರಕ್ಕೆ ಮಾತ್ರ ಪಂದ್ಯ ಇಡಬೇಡಿ. ಮಳೆ ಬಂದು ಆಟ ರದ್ದಾದರೆ ಟಿಕೆಟ್ ಮುಂದೆ ಎಂದೋ ಆಡುವ ಮರುಪಂದ್ಯಕ್ಕೆ ನಡೆಯುತ್ತದೆ. ಅಷ್ಟು ಹೊತ್ತಿಗೆ ಅಪ್ಪ ತೆಂಗಿನ ತೋಟದಲ್ಲಿರುತ್ತಾರೆ.

ಕಾರು ಬೇಡವೇ ಬೇಡ. ಮೈದಾನ ಇರುವುದು ಕ್ಲಾರ್ಕ್ ಮತ್ತು ಅಡಿಸನ್ ರಸ್ತೆ ಕೂಡುವಲ್ಲಿ, ನಾಲ್ಕೂ ಕಡೆ ಮನೆಗಳ ನಡುವೆ. ಎದುರಿನ ಮನೆಗಳ ತಾರಸಿ ಮೇಲೂ ಮೆಟ್ಟಿಲು ಕಟ್ಟಿ ಟಿಕೆಟ್ ಮಾರುತ್ತಾರೆ, ಅಷ್ಟು ಒತ್ತಾದ ಜಾಗ. ನಾವು ನೇಪರ್‌ವಿಲ್‌ನಲ್ಲಿ ಮೆಟ್ರಾ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿದೆವು. ಅಲ್ಲಿಂದ ಜ್ಯಾಕ್ಸನ್ ಸ್ಟೇಷನ್‌ವರೆಗೆ ನಿಧಾನವಾಗಿ ನಡೆದು, ಹಾವರ್ಡ್ ಕಡೆಗೆ ಹೋಗುವ ರೆಡ್ ಲೈನ್ ರೈಲು ಹಿಡಿದೆವು. ಅಡಿಸನ್‌ನಲ್ಲಿ ಇಳಿದರೆ ಮೈದಾನ ಎದುರಿಗೇ. ಅಲ್ಲಿ ಲಿಫ್ಟ್ ಇದೆ, ಮಂಡಿ ನೋವಿನವರು ಹೆದರಬೇಕಿಲ್ಲ. ಹೊರಡುವ ಮೊದಲೇ ಮೆಟ್ರಾದ ವಾಪಸ್ ವೇಳೆ ಬರೆದಿಟ್ಟುಕೊಳ್ಳಿ. ಒಂದು ರೈಲು ತಪ್ಪಿದರೆ ಸ್ಟೇಷನ್‌ನಲ್ಲಿ ಕೂತು ಕಾಯಬೇಕಾಗುತ್ತದೆ.

ಟಿಕೆಟ್ ಎಲ್ಲ ಫೋನಿನಲ್ಲೇ, ಲೀಗಿನ ಬಾಲ್‌ಪಾರ್ಕ್ ಆ್ಯಪ್‌ನಲ್ಲಿ. ಎಲ್ಲರ ಟಿಕೆಟ್ ಒಬ್ಬರ ಫೋನಿನಲ್ಲೇ ಇರಲಿ, ಚಾರ್ಜ್ ಇರಲಿ. ತಿಂಡಿ ಮನೆಯಿಂದ ಒಯ್ಯಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮಮ್ಮ ಚಪಾತಿಗೆ ಆಲೂಗಡ್ಡೆ ಪಲ್ಯ ಸುತ್ತಿ, ಜೊತೆಗೆ ಕೋಡುಬಳೆ ತಂದಿದ್ದರು. ಪಕ್ಕದ ಸೀಟಿನ ಅಜ್ಜ ಕೋಡುಬಳೆಯನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ತಿಂದ, ಇನ್ನೊಂದು ಕೇಳಿ ಇಸ್ಕೊಂಡ. ಆದರೆ ಸ್ಟೀಲ್ ಫ್ಲಾಸ್ಕ್ ಒಳಗೆ ಬಿಡುವುದಿಲ್ಲ. ನಮ್ಮ ಕಾಫಿ ಗೇಟಿನ ಹೊರಗೇ ಖರ್ಚಾಯಿತು. ಸೀಲ್ ಒಡೆಯದ ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಿರಿ. ಬ್ಯಾಗಿನ ನಿಯಮ ಬದಲಾಗುತ್ತಿರುತ್ತದೆ, ಹಿಂದಿನ ದಿನ ತಂಡದ ಪುಟ ನೋಡಿಬಿಡಿ. ಒಳಗೆ ಸಸ್ಯಾಹಾರಿಗಳಿಗೆ ಸಿಪ್ಪೆ ಕಡಲೆಕಾಯಿ ಸಾಕು. ಸಿಪ್ಪೆಯನ್ನು ಕಾಲಡಿಗೇ ಹಾಕುವುದು ಅಲ್ಲಿಯ ರೂಢಿ. ಅಪ್ಪನಿಗೆ ಅಮೆರಿಕದಲ್ಲಿ ಮೊದಲ ಸಲ ಮನೆಯಲ್ಲಿದ್ದ ಹಾಗೆ ಅನ್ನಿಸಿದ್ದು ಆಗಲೇ.

ಆಟವನ್ನು ಹಿಂದಿನ ರಾತ್ರಿ ಟಿವಿಯಲ್ಲಿ ಎರಡು ಇನಿಂಗ್ಸ್ ತೋರಿಸಿ ಹೇಳಿಕೊಡಿ, ಮೈದಾನದಲ್ಲಿ ಪಾಠ ಬೇಡ. ನಾನು ಹೇಳಿದ್ದು ಇಷ್ಟು: ಒಂದೊಂದು ತಂಡಕ್ಕೆ 9 ಇನಿಂಗ್ಸ್, ಮೂರು ಔಟಾದರೆ ಸರದಿ ಮುಗಿಯಿತು. ವಿಕೆಟ್ ಹಿಂದೆ ಹೊಡೆದರೆ ಇಲ್ಲಿ ರನ್ ಇಲ್ಲ, ಫೌಲ್. ಹಾಗಾಗಿ ವಿಶ್ವನಾಥ್ ಅವರ ಲೇಟ್ ಕಟ್ಟಿಗೆ ಇಲ್ಲಿ ಬೆಲೆಯಿಲ್ಲ. "ಹಾಗಾದ್ರೆ ಇದೆಂಥ ಆಟ" ಅಂದರು ಅಪ್ಪ. ಗ್ಲೌಸ್ ಹಾಕಿ ಕ್ಯಾಚ್ ಹಿಡಿಯುವುದನ್ನಂತೂ ಅವರು ಇವತ್ತಿಗೂ ಒಪ್ಪಿಲ್ಲ. 2023ರಿಂದ ಪಿಚರ್‌ಗೆ, ಅಂದರೆ ಇಲ್ಲಿಯ ಬೋಲರ್‌ಗೆ, ಗಡಿಯಾರ ಕಟ್ಟಿದ್ದಾರೆ, ಬೇಸ್‌ಗಳು (ರನ್ನಿಗೆ ಓಡುವವರು ನಿಲ್ಲುವ ಠಾಣೆಗಳು) ಖಾಲಿ ಇದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕು. ಈಗ ಸಾಮಾನ್ಯವಾಗಿ ಎರಡೂವರೆ-ಮೂರು ಗಂಟೆಯಲ್ಲಿ ಆಟ ಮುಗಿಯುತ್ತದೆ. ವಯಸ್ಸಾದವರಿಗೆ ಇದೇ ದೊಡ್ಡ ಉಪಕಾರ.

ಪಂದ್ಯಕ್ಕೆ ಒಂದು ಗಂಟೆ ಮೊದಲೇ ಒಳಗಿರಿ, ನೋಡುವುದು ಬಹಳ ಇದೆ. ಔಟ್‌ಫೀಲ್ಡ್‌ನ ಇಟ್ಟಿಗೆ ಗೋಡೆಗೆ 1937ರಲ್ಲಿ ನೆಟ್ಟ ಐವಿ ಬಳ್ಳಿ ಹಬ್ಬಿದೆ. ಚೆಂಡು ಅದರೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಎತ್ತುತ್ತಾನೆ, ಬ್ಯಾಟರ್‌ಗೆ ಎರಡು ಬೇಸ್. ಅದೇ ವರ್ಷದ ಸ್ಕೋರ್‌ಬೋರ್ಡ್ ಎದುರಿಗಿದೆ. ಇವತ್ತಿಗೂ ಒಳಗೆ ಜನ ಕೂತು ಅಂಕಿಯ ತಗಡನ್ನು ಕೈಯಲ್ಲೇ ಬದಲಿಸುತ್ತಾರೆ. ಒಂದು ಚೌಕದಲ್ಲಿ ಸೊನ್ನೆ ಸರಿದು, ಅರೆಗಳಿಗೆ ಕತ್ತಲೆ ಕಿಂಡಿ ಕಂಡು, 2 ಬಂದು ಕೂತಿತು. ಅಪ್ಪ ಆಟ ಬಿಟ್ಟು ಆ ಕಿಂಡಿಯನ್ನೇ ನೋಡುತ್ತಾ ಕೂತರು. ತಿಪಟೂರಿನ ಮೈದಾನದಲ್ಲಿ ಹುಡುಗರಾಗಿದ್ದಾಗ ಮೊಳೆಗೆ ತಗಡು ನೇತುಹಾಕುವ ಕೆಲಸ ಅವರದಾಗಿತ್ತಂತೆ. ನನಗೆ ಅದು ಅವತ್ತೇ ಗೊತ್ತಾಗಿದ್ದು.

ಬೋರ್ಡಿನ ಮೇಲಿನ ಬಾವುಟಗಳನ್ನೂ ಗಮನಿಸಿ. ಗಾಳಿ ಹೊರಗೆ ಬೀಸುತ್ತಿದ್ದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ, ಜಾಸ್ತಿ. 1979ರ ಮೇನಲ್ಲಿ ಅಂಥದ್ದೇ ಒಂದು ದಿನ ಕಬ್ಸ್ 22 ರನ್ ಹೊಡೆದೂ ಫಿಲಡೆಲ್ಫಿಯಾಕ್ಕೆ ಸೋತಿತ್ತು, 23-22. ಗೆಲ್ಲುವುದರಲ್ಲಿ ಈ ತಂಡದ ಹಣೆಬರಹವೇ ಹಾಗೆ, 1908ರಲ್ಲಿ ಕಪ್ ಗೆದ್ದವರು ಮತ್ತೆ ಗೆದ್ದಿದ್ದು 2016ರಲ್ಲಿ. 108 ವರ್ಷ ಎಂದಾಗ ಅಪ್ಪ ಲೆಕ್ಕ ಹಾಕಿ, "ನಮ್ಮ ಆರ್‌ಸಿಬಿಗೆ ಇನ್ನೂ ಹದಿನಾರೇ ಬಿಡು" ಎಂದು ಸಮಾಧಾನಪಟ್ಟುಕೊಂಡರು.

ಏಳನೇ ಇನಿಂಗ್ಸ್ ನಡುವೆ ಇಡೀ ಮೈದಾನ ಎದ್ದು ಹಾಡುತ್ತದೆ. ಆಗ ಬಾತ್‌ರೂಮಿಗೆ ಹೋಗಬೇಡಿ, ಆರನೆಯದರಲ್ಲೇ ಮುಗಿಸಿಬಿಡಿ.

ಆಟ ಮುಗಿದ ತಕ್ಷಣ ಸ್ಟೇಷನ್ನಿಗೆ ಓಡಬೇಡಿ, ಮೆಜೆಸ್ಟಿಕ್ ನೂಕುನುಗ್ಗಲು ಇರುತ್ತದೆ. ಅರ್ಧ ಗಂಟೆ ಸೀಟಿನಲ್ಲೇ ಕೂತು ಉಳಿದ ಕೋಡುಬಳೆ ಮುಗಿಸಿ. ಗೆದ್ದರೆ ಬೋರ್ಡಿನ ಮೇಲೆ ಡಬ್ಲ್ಯು ಬರೆದ ಬಿಳಿ ಬಾವುಟ ಏರುತ್ತದೆ, ಸೋತರೆ ಎಲ್ ಇರುವ ನೀಲಿ ಬಾವುಟ. ರೈಲಿನಲ್ಲಿ ಹೋಗುವವರಿಗೂ ಫಲಿತಾಂಶ ತಿಳಿಯಲಿ ಎಂದು ಹುಟ್ಟಿಕೊಂಡ ಪದ್ಧತಿಯಂತೆ ಅದು. ನಾವು ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದಾಗ ನೀಲಿಯೇ ಹಾರುತ್ತಿತ್ತು. ಅಪ್ಪ ಕಡಲೆಕಾಯಿ ಸಿಪ್ಪೆ ಮೆತ್ತಿದ್ದ ಸ್ವೆಟರ್ ಕೊಡವಿಕೊಳ್ಳುತ್ತಾ, "ನಾಳೆ ಯಾರ ಜೊತೆಗಂತೆ?" ಎಂದು ಕೇಳಿದರು.