ಫೈಲು ಹಿಡಿದು ವಿಧಾನಸೌಧಕ್ಕೆ: ಒಬ್ಬ ವಕೀಲನ ಅನುಭವ

2023ರ ಮೇ 13ರಂದು ವಿಧಾನಸಭೆ ಚುನಾವಣೆಯಲ್ಲಿ ಗೆದ್ದೆ. ಅಲ್ಲಿಯವರೆಗೆ ನಮ್ಮ ಬಾರ್ ರೂಮಿನಲ್ಲಿ ನನ್ನ ದಾರಿಯನ್ನು ನಂಬಿದವರು ತೀರಾ ಕಡಿಮೆ. "ಏನಪ್ಪಾ, ತಾಲ್ಲೂಕು ಕಚೇರಿ ಫೈಲು ಹಿಡ್ಕೊಂಡು ಎಂಎಲ್ಎ ಆಗಕ್ಕಾಗುತ್ತಾ?" ಎಂದು ಸೀನಿಯರ್ ಒಬ್ಬರು ಎಲ್ಲರೆದುರು ಕೇಳಿದ್ದರು. ಈಗ ಅವರ ಜೂನಿಯರ್‌ಗಳೇ ಬಂದು ಹೇಗೆ ಮಾಡಿದಿರಿ ಅಂತಾರೆ. ಅವರಿಗಾಗಿ ಇದು. ನಾಮಪತ್ರ, ಅದರ ಜೊತೆ ಕೊಡುವ ಪ್ರಮಾಣಪತ್ರ (ಫಾರಂ 26) ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟಿದ್ದೇನೆ.

2013ರಲ್ಲಿ ಪಕ್ಷೇತರನಾಗಿ ನಿಂತಿದ್ದೆ. ಮಾತು ಚೆನ್ನಾಗಿ ಬರುತ್ತಿತ್ತು, ಚಪ್ಪಾಳೆಯೂ ಬೀಳುತ್ತಿತ್ತು, ಮತ ಬೀಳಲಿಲ್ಲ. ಠೇವಣಿ ಉಳಿಯಲು ಬೇಕಾದ, ಚಲಾವಣೆಯಾದ ಮತದ ಆರನೇ ಒಂದು ಭಾಗ ಎಲ್ಲಿ, ನಾನೆಲ್ಲಿ! 10,000 ರೂಪಾಯಿ ಠೇವಣಿ ಹೋಯಿತು. ಅದು ಬಿಡಿ, ಕೈಯಿಂದ ಆರೇಳು ಲಕ್ಷ ಹೋಗಿತ್ತು, ಅರ್ಧಕ್ಕರ್ಧ ಸಾಲ. ಆಗ ಖರ್ಚಿನ ಮಿತಿ 16 ಲಕ್ಷ. ಅದರ ಹತ್ತಿರ ಹೋಗುವ ಶಕ್ತಿಯೇ ನನಗಿರಲಿಲ್ಲ. ಇನ್ನೂ ದೊಡ್ಡ ಪೆಟ್ಟು ಆಫೀಸಿಗೆ ಬಿತ್ತು. "ವಕೀಲರು ರಾಜಕೀಯಕ್ಕೆ ಹೋದ್ರಂತೆ" ಎಂಬ ಸುದ್ದಿ ಹಬ್ಬಿ ಕೆಲವು ತಿಂಗಳು ಹೊಸ ವಕಾಲತ್ತೇ ಬರಲಿಲ್ಲ.

ಉಳಿದದ್ದು ಹಳೆಯ ರೆವಿನ್ಯೂ ಕೇಸುಗಳು. ಉಪವಿಭಾಗಾಧಿಕಾರಿ (ಎಸಿ) ಕೋರ್ಟಿನಲ್ಲಿ ಹಕ್ಕು ಬದಲಾವಣೆ ವಿರುದ್ಧದ 136(2) ಅಪೀಲು, ಪೋಡಿಯಾಗದ, ಅಂದರೆ ಅಳೆದು ಪ್ರತ್ಯೇಕ ನಂಬರ್ ಕೊಡದ ಜಮೀನು, ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಫಾರಂ 50, 53 ಹಾಕಿ ವರ್ಷಗಟ್ಟಲೆ ಕಾದ ಬಗರ್‌ಹುಕುಂ ರೈತರು. ಫೀಸು ಏನೂ ಹುಟ್ಟದ ಕೇಸುಗಳು. ಅವನ್ನೆಲ್ಲ ಊರುವಾರು ಒಂದು ರಿಜಿಸ್ಟರಿಗೆ ಇಳಿಸಿದೆ. ಹೆಸರು, ಸರ್ವೆ ನಂಬರ್, ಫೈಲು ಯಾರ ಟೇಬಲ್ಲಿನಲ್ಲಿದೆ, ಎಂದಿನಿಂದ ಇದೆ. ಇನ್ನೊಂದು ಕಾಲಂ ಇದೆ, ಅದನ್ನು ಹೇಳುವುದಿಲ್ಲ. ಮುಂದಿನ ಚುನಾವಣೆ ಇದೆಯಲ್ಲ! ಜಾತಿಯ ಕಾಲಂ ಅಂತೂ ಅಲ್ಲ. ಪಕ್ಷದವರು ಮೊದಲು ಹುಡುಕಿದ್ದು ಅದನ್ನೇ.

ಈ ಸಕ್ರಮದ ಅರ್ಜಿಗಳನ್ನು ನೋಡುವ ಬಗರ್‌ಹುಕುಂ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಆ ಕುರ್ಚಿಯಲ್ಲಿ ಫೈಲು ಓದಲು ಬರುವವನು ಕೂತರೆ ಏನಾಗುತ್ತೆ ಎಂದು ಸಾಗುವಳಿ ಚೀಟಿಗೆ, ಅಂದರೆ ಜಮೀನು ಮಂಜೂರಾದ ಪತ್ರಕ್ಕೆ, ಕಾದು ಕೂತ ರೈತನಿಗೆ ಭಾಷಣ ಮಾಡಿ ಹೇಳಬೇಕಾಗಿಲ್ಲ.

ಅದೇ ಹೊತ್ತಿಗೆ ಕ್ಷೇತ್ರದೊಳಗೆ ಅಣ್ಣತಮ್ಮಂದಿರ ಆಸ್ತಿ ಪಾಲಿನ ದಾವೆಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದೆ. ಅಣ್ಣನ ಕಡೆ ವಾದ ಮಾಡಿ ಗೆದ್ದರೆ ತಮ್ಮನ ಮನೆ, ಅವನ ಬೀಗರ ಮನೆ, ಎಲ್ಲ ಮತವೂ ಹೋಯಿತು. ರೆವಿನ್ಯೂ ಕೇಸಿನಲ್ಲಿ ಹೆಚ್ಚಾಗಿ ಎದುರಾಳಿ ಸರ್ಕಾರ, ಅದಕ್ಕೆ ಮತವಿಲ್ಲ. ಹೆಂಡತಿ ಕೇಳಿದಳು, "ಫೀಸು ಬರೋ ಕೇಸು ಬಿಟ್ಟು ಇದೇನ್ರೀ?" ವರ್ಷಕ್ಕೆ ಎರಡು ಮೂರು ಲಕ್ಷ ಕಡಿಮೆಯಾಗಿದ್ದು ನಿಜ.

ಮಧ್ಯೆ ಏನೇನೋ ಮಾಡಿ ನೋಡಿದೆ. ಭೂ ಕಂದಾಯ ಕಾಯ್ದೆ ಬಗ್ಗೆ ಸರಳ ಕೈಪಿಡಿ ಅಚ್ಚು ಹಾಕಿಸಿದೆ, ಸುಮಾರು 40 ಸಾವಿರ ಖರ್ಚು. ಯಾರೂ ಓದಲಿಲ್ಲ. ಮೊಬೈಲಿಗೆ ಧ್ವನಿ ಸಂದೇಶ ಕಳಿಸಿದೆ, ಜನ ಸಾಲದ ಕಂಪನಿ ಅಂದುಕೊಂಡು ಕಟ್ ಮಾಡಿದರು. ಕೆಲಸಕ್ಕೆ ಬಂದದ್ದು ಭಾನುವಾರ ಊರಿನ ಶಾಲೆ ಜಗುಲಿಯಲ್ಲಿ ಕೂರುವುದು ಒಂದೇ. 2018ರಲ್ಲಿ ಸಣ್ಣ ಪಕ್ಷದಿಂದ ನಿಂತು ನಾಲ್ಕೈದು ಸಾವಿರ ಮತದಿಂದ ಸೋತಿದ್ದೆ. ಆ ವರ್ಷವೇ ಬಗರ್‌ಹುಕುಂ ಸಕ್ರಮಕ್ಕೆ ಹೊಸ ಅರ್ಜಿ, ಫಾರಂ 57 ಬಂತು. ಜನ ಸಾಲುಗಟ್ಟಿ ಬಂದರು. ಜೆರಾಕ್ಸ್ ದುಡ್ಡು ಮಾತ್ರ ತೆಗೆದುಕೊಂಡು ಅರ್ಜಿ ತುಂಬಿಕೊಟ್ಟೆವು. ಪಟ್ಟಣದ ಗಡಿಗೆ ಹತ್ತಿರವಿದ್ದವರಿಗೆ, ಅರಣ್ಯದ ಜಮೀನಿನವರಿಗೆ ಆಗೋದಿಲ್ಲ ಎಂದು ಮುಖಕ್ಕೇ ಹೇಳಿದೆ. ಮತ ಹೋಗುತ್ತೆ ಎಂದು ನಮ್ಮ ಹುಡುಗರು ಹೆದರಿದರು. ಹೋಗಲಿಲ್ಲ. ಸುಮ್ನೆ ಓಡಾಡಿಸಲಿಲ್ಲ ಅಂತ ಅವರೇ ಮುಂದೆ ನಿಂತು ಕೆಲಸ ಮಾಡಿದರು.

2023ರ ಹೊತ್ತಿಗೆ ಟಿಕೆಟ್ ತಾನಾಗಿ ಬಂತು. ಮಿತಿ 40 ಲಕ್ಷ, ನನ್ನದು 24, 25 ಲಕ್ಷದೊಳಗೆ ಮುಗಿಯಿತು. ನಮ್ಮ ಜಿಲ್ಲೆಯಲ್ಲಿ ಇಷ್ಟು ಕಡಿಮೆಯಲ್ಲಿ ಗೆದ್ದವರನ್ನು ತೋರಿಸಿ ನೋಡೋಣ! ಪ್ರತ್ಯೇಕ ಬ್ಯಾಂಕ್ ಖಾತೆ, 10,000 ದಾಟಿದರೆ ನಗದು ಇಲ್ಲ, ಪ್ರತಿ ರಾತ್ರಿ ವೋಚರು. ಜೂನಿಯರ್ ಒಬ್ಬನಿಗೆ ಅದೊಂದೇ ಕೆಲಸ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕಲ್ಲ, ನಾವು ಎರಡನೇ ವಾರಕ್ಕೇ ಕೊಟ್ಟೆವು.

ಸದನದಲ್ಲಿ ಭಾಷಣಕ್ಕಿಂತ ಚುಕ್ಕೆ ರಹಿತ ಪ್ರಶ್ನೆ ನನಗೆ ಜಾಸ್ತಿ ಇಷ್ಟ. ಟಿವಿಯಲ್ಲಿ ಮುಖ ಬರೋದಿಲ್ಲ, ಲಿಖಿತ ಉತ್ತರ ಬರುತ್ತೆ. ಪಾಟೀಸವಾಲು ಮಾಡಿದವರಿಗೆ ಇದು ಬೇಗ ಹತ್ತುತ್ತೆ: ಉತ್ತರ ಗೊತ್ತಿದ್ದದ್ದನ್ನೇ ಕೇಳಿ, ಒಂದು ತಾಲ್ಲೂಕು, ಒಂದು ವರ್ಷ, ಒಂದು ಸಂಖ್ಯೆ. "ರಾಜ್ಯದಲ್ಲಿ ಪೋಡಿ ಸ್ಥಿತಿ ಏನು" ಎಂದರೆ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಾಲು. ಸಚಿವರು ಸದನದಲ್ಲೇ "ಕ್ರಮ ವಹಿಸುತ್ತೇವೆ" ಅಂದರೆ ಅದನ್ನು ಗುರುತು ಹಾಕಿಕೊಂಡು, ಕೊಟ್ಟ ಮಾತು ನಡೆಯಿತೇ ಎಂದು ನೋಡುವ ಭರವಸೆಗಳ ಸಮಿತಿಯ ಬೆನ್ನು ಹತ್ತುತ್ತೇನೆ. ರಾತ್ರಿಯೆಲ್ಲ ಕೂತು ಬರೆದ ಖಾಸಗಿ (ಸರ್ಕಾರದ್ದಲ್ಲದ, ನನ್ನದೇ) ಮಸೂದೆ ಮಾತ್ರ ಚರ್ಚೆಗೇ ಬರಲಿಲ್ಲ.

ಪ್ರಾಕ್ಟೀಸ್ ಬಿಟ್ಟಿಲ್ಲ. ಶಾಸಕರು ವಕಾಲತ್ತು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಆದರೆ ನನ್ನ ಬಗರ್‌ಹುಕುಂ ಸಮಿತಿ ಮುಂದೆ ಬರುವ ಯಾವ ಜಮೀನಿನ ಕೇಸಿಗೂ ನಾನಾಗಲಿ ನನ್ನ ಆಫೀಸಾಗಲಿ ವಕಾಲತ್ತು ಹಾಕುವುದಿಲ್ಲ. ಹಳೆಯ ಕಕ್ಷಿದಾರರ ಫೈಲುಗಳನ್ನು ಗೆದ್ದ ತಿಂಗಳೇ ವಾಪಸ್ ಕೊಟ್ಟೆ. ಬೇರೆ ತಾಲ್ಲೂಕಿನ ಸಿವಿಲ್ ಕೇಸು ಒಂದಷ್ಟು ನಡೆಯುತ್ತಿವೆ, ಆಫೀಸಿನ ಬಾಡಿಗೆ ಮತ್ತು ಜೂನಿಯರ್‌ಗಳ ಸಂಬಳ ಅದರಲ್ಲೇ ಹುಟ್ಟುತ್ತೆ.