ಹಂದಿ ಹುರಿಯೋಕೆ ಎಣ್ಣೆ ಬೇಡ

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಆರಿದ್ರಾ ಮಳೆ ಹಿಡಿದರೆ ತೋಟದಲ್ಲಿ ಕೆಲಸ ಸಾಗಲ್ಲ. ಅಂಥ ಭಾನುವಾರ ನಾನು ಹಂದಿ ಹುರಿಯುತ್ತೇನೆ. ಅವ್ವ ಈ ಮಾಂಸವನ್ನು ಅಡುಗೆಮನೆ ಹೊಸಿಲು ದಾಟಿಸಲು ಬಿಡುವುದಿಲ್ಲ. ಹಾಗಾಗಿ ಸೌದೆ ಕೊಟ್ಟಿಗೆಯಲ್ಲಿ ಮೂರು ಕಲ್ಲಿನ ಒಲೆ. ಬಾಣಲೆ, ಸೌಟು ಎಲ್ಲ ಬೇರೆ. ನಿಮ್ಮ ಮನೆಯಲ್ಲಿ ತಕರಾರಿಲ್ಲದಿದ್ದರೆ ಗ್ಯಾಸ್ ಒಲೆಯಲ್ಲೇ ಮಾಡಿ, ರುಚಿಯೇನೂ ಕೆಡಲ್ಲ.

ಒಂದು ಕೆಜಿಗೆ ಲೆಕ್ಕ ಹೇಳುತ್ತೇನೆ. ತೊಗಲು, ನೆಣ, ಖಂಡ ಮೂರೂ ಇರುವ ತುಂಡು ಕೇಳಿ ತನ್ನಿ. ಬರೀ ಖಂಡ ತಂದರೆ ಹುರಿದ ಮೇಲೆ ಸೌದೆ ಚಕ್ಕೆ ತಿಂದ ಹಾಗಿರುತ್ತದೆ. ನೆಲ್ಲಿಕಾಯಿ ಗಾತ್ರಕ್ಕೆ ಹೆಚ್ಚಿ ತೊಳೆಯಿರಿ. ದಪ್ಪ ತಳದ ಬಾಣಲೆಗೆ ಹಾಕಿ 2 ಟೀ ಚಮಚ ಉಪ್ಪು, ಅರ್ಧ ಚಮಚ ಅರಿಶಿನ, ಜಜ್ಜಿದ ಶುಂಠಿ ಎರಡು ಬೆರಳುದ್ದ, ಒಂದು ಗೆಡ್ಡೆ ಬೆಳ್ಳುಳ್ಳಿ, ಸೀಳಿದ 6 ಹಸಿಮೆಣಸಿನಕಾಯಿ ಸೇರಿಸಿ. ಅರ್ಧ ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 40 ನಿಮಿಷ ಬೇಯಲಿ. ಒಳಗೆ ಒಂಚೂರೂ ಕೆಂಪು ಉಳಿಯಬಾರದು.

ಎಣ್ಣೆ ಮಾತ್ರ ಹಾಕಬೇಡಿ. ಮೊದಲ ಸಲ ನಾನು ಕೋಳಿ ಹುರಿದ ಹಾಗೇ ಅಂದುಕೊಂಡು ಒಂದು ಸೌಟು ಸುರಿದಿದ್ದೆ. ಅರ್ಧ ಗಂಟೆಯಲ್ಲಿ ನೆಣವೂ ಕರಗಿ ತುಂಡುಗಳು ಈಜುತ್ತಿದ್ದವು. ಬಂದ ಸ್ನೇಹಿತರು ತಟ್ಟೆ ಓರೆ ಮಾಡಿ ಬಸಿದುಕೊಂಡು ತಿಂದರು. ಇವತ್ತಿಗೂ ಆಡಿಕೊಳ್ಳುತ್ತಾರೆ.

ಬೆಂದ ಮೇಲೆ ಮುಚ್ಚಳ ತೆಗೆಯಿರಿ. ಇನ್ನು ಕಿವಿಗೆ ಕೆಲಸ. ನೀರಿರುವಷ್ಟು ಹೊತ್ತು ಕೊತಕೊತ ಅನ್ನುತ್ತದೆ. ನೀರು ಇಂಗಿದಾಗ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಚಿರ್ ಚಿರ್ ಅಂತ ಶುರುವಾಗುತ್ತದೆ. ನೆಣದ ಅಂಚು ಗಾಜಿನ ತರ ಹೊಳೆಯುತ್ತದೆ, ತಳದಲ್ಲಿ ತೆಳ್ಳಗೆ ಎಣ್ಣೆ ನಿಲ್ಲುತ್ತದೆ. ಆಗ ಎರಡು ಈರುಳ್ಳಿ ಹೆಚ್ಚಿ ಹಾಕಿ, ಜೊತೆಗೆ ಕರಿಬೇವು. ಹದಿನೈದು ನಿಮಿಷ ಮಗುಚುತ್ತಾ ಇರಿ. ತೊಗಲು ಸಿಡಿಯುತ್ತದೆ, ಮುಖ ದೂರ ಇಟ್ಟುಕೊಳ್ಳಿ.

ಈ ಮಧ್ಯೆ ಪುಡಿ. ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಹತ್ತೇ ಹತ್ತು ಕಾಳು ಮೆಂತ್ಯ. ಹುರಿದ ಕಾಫಿ ಬೀಜದ ಬಣ್ಣ ಬರಬೇಕು, ಆದರೆ ಸೀಯಬಾರದು. ಕಾಳುಮೆಣಸು ಎರಡು ದೊಡ್ಡ ಚಮಚ, ಅದನ್ನು ಬೇರೆಯಾಗಿ ಸುಮ್ನೆ ಬೆಚ್ಚಗೆ ಮಾಡಿ ಕುಟ್ಟಿ. ನುಣ್ಣಗೆ ಬೇಡ, ತರಿಯಾಗಿರಲಿ. ನಮ್ಮ ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ್ದು, ಕಾಫಿ ಒಣಗಿಸುವ ಕಣದಲ್ಲೇ ಒಣಗಿದ್ದು. ಅದರ ಖಾರ ಬಿಸಿಗೆ ಅಷ್ಟು ಸುಲಭಕ್ಕೆ ಹೋಗಲ್ಲ, ಘಮ ಹಾರಿಹೋಗುತ್ತದೆ. ಅದಕ್ಕೇ ಉಳಿದ ಪುಡಿ ಹಾಕಿ ಎರಡು ನಿಮಿಷ ಹುರಿದು, ಮೆಣಸನ್ನು ಕೊನೆಗೆ ಹಾಕುತ್ತೇನೆ.

ಹುಳಿಗೆ ಒಂದು ಚಮಚ ಕಾಚಂಪುಳಿ. ಮಲೆನಾಡಿನಲ್ಲಿ ಉಪ್ಪಾಗೆ ಅನ್ನುತ್ತಾರಲ್ಲ, ಅದೇ ಹಣ್ಣಿನ ರಸ ಕಾಯಿಸಿ ಕಾಯಿಸಿ ಡಾಂಬರಿನ ತರ ಮಾಡಿದ್ದು. ನನಗೆ ಸೋಮವಾರಪೇಟೆ ನೆಂಟರು ಕೊಡುತ್ತಾರೆ. ಜಾಸ್ತಿಯಾದರೆ ಹಲ್ಲು ಜುಮ್ಮೆನ್ನುತ್ತದೆ. ಇಲ್ಲದಿದ್ದರೆ ಇಳಿಸಿದ ಮೇಲೆ ಅರ್ಧ ನಿಂಬೆ ಹಿಂಡಿ, ಸಾಕು.

ಅವ್ವ ತಿನ್ನುವುದಿಲ್ಲ, ಆದರೆ ಅಕ್ಕಿ ರೊಟ್ಟಿ ತಟ್ಟಿ ಕೊಟ್ಟಿಗೆಗೇ ಕಳಿಸುತ್ತಾಳೆ. ಬಾಣಲೆ ತೊಳೆಯುವುದೂ ನನ್ನ ಪಾಲಿಗೇ. ಬಿಸಿನೀರು, ಒಲೆ ಬೂದಿ ಹಾಕಿ ತಿಕ್ಕಿ. ತಣ್ಣೀರು ಬಿದ್ದರೆ ನೆಣ ಮೇಣದ ತರ ಕೂತುಬಿಡುತ್ತದೆ.